ಪೆರೀನಾ ಚಿಕ್ಕಮ್ಮನ ಕಲ್ಲುಹುಂಜ

"ದೊಡ್ಡವಳಾದ ಮೇಲೆ ನಿನಗೊಂದು ಕಲ್ಲಿನ ಹುಂಜ ಮಾಡ್ಕೊಡ್ತೀನಿ. ಅದೂ ಹೀಗೇ ಕೂಗುತ್ತೆ, ನೋಡ್ತಿರು" ಎಂದು ಏಳು ವರ್ಷದವಳಿದ್ದಾಗ ನಾನು ಪೆರೀನಾ ಚಿಕ್ಕಮ್ಮನಿಗೆ ಮಾತು ಕೊಟ್ಟಿದ್ದೆ.

ಅವಳು ನೆಂಟಳಲ್ಲ, ಪಕ್ಕದ ಮನೆಯವಳು. ಅಮ್ಮ ಮೀನಿನ ಕಾರ್ಖಾನೆಗೆ ಹೋದರೆ ನನ್ನ ಊಟ ಅವಳಲ್ಲೇ. ಅಡುಗೆಯಾದೊಡನೆ ಬಾಗಿಲಲ್ಲಿ ನಿಂತು, ಹುಂಜದ ಆಕಾರದ ಮಣ್ಣಿನ ಪೀಪಿಯ ಬಾಲಕ್ಕೆ ಬಾಯಿಟ್ಟು ಊದುತ್ತಿದ್ದಳು. ಬಂದರಿನಲ್ಲಿ ಆಡುತ್ತಿದ್ದವಳು ಓಡಿಬರುತ್ತಿದ್ದೆ. ಶಾಲೆಗೆ ಸೇರಿದ ದಿನ ಆ ಪೀಪಿಯನ್ನು ನನಗೇ ಕೊಟ್ಟುಬಿಟ್ಟಳು. "ಇನ್ನು ಹಸಿವಾದ್ರೆ ನೀನೇ ಊದೇ" ಎಂದಳು. ಆಗ ಕೊಟ್ಟ ಮಾತು ಅದು.

ನಮ್ಮ ಬ್ರಾಚ್ ದ್ವೀಪದಲ್ಲಿ ಕಲ್ಲಿಗೇನೂ ಬರವಿಲ್ಲ. ಕೆತ್ತನೆಯನ್ನೇ ಕಲಿತೆ, ಅದರಲ್ಲೇ ಬದುಕಿದೆ. ಆದರೆ ಇಬ್ಬರು ಮಕ್ಕಳು, ಹಗಲೆಲ್ಲ ಕಿಟಕಿ ಚೌಕಟ್ಟು, ಗೋರಿಕಲ್ಲು. ಹುಂಜಕ್ಕೆ ಬಿಡುವೆಲ್ಲಿ? ಈ ಚಳಿಗಾಲದಲ್ಲಿ ವೈದ್ಯರು, ಚಿಕ್ಕಮ್ಮನ ಒಂದು ಕಿವಿ ಹೋಗಿದೆ, ಇನ್ನೊಂದೂ ಬೇಸಿಗೆ ದಾಟುವುದು ಅನುಮಾನ ಎಂದರು.

"ಒಳ್ಳೇದೇ ಆಯ್ತು ಬಿಡು, ಎದುರುಮನೆ ಯಾಕೊವ್ ಹಾಡೋದು ಕೇಳೋ ಕರ್ಮ ತಪ್ತು" ಎಂದು ಅವಳು ನಕ್ಕಳು. ನನಗೆ ನಗು ಬರಲಿಲ್ಲ. ಅವತ್ತೇ ಬಿಳಿಗಲ್ಲಿನ ತುಂಡೊಂದನ್ನು ಮನೆಗೆ ತಂದೆ.

ಭಾನುವಾರಗಳಲ್ಲಿ ಕೆತ್ತಿದೆ. ಜುಟ್ಟು, ರೆಕ್ಕೆ, ಒಳಗೆ ಟೊಳ್ಳು, ಬೆನ್ನ ಮೇಲೆ ಗಾಳಿಗಂಡಿ ಎಲ್ಲವೂ ಹಳೆಯ ಪೀಪಿಯ ಹಾಗೆಯೇ. ಊದಿದರೆ ಬರೀ ಉಸಿರು.

"ಅಮ್ಮಾ, ನಿನ್ನ ಹುಂಜಕ್ಕೆ ನೆಗಡಿ ಕಣೇ!" ಎಂದಳು ಮಗಳು ಜೋರ್ಕಾ.

ಮಣ್ಣಿನ ಪೀಪಿಯ ಗಂಡಿಯ ಅಂಚನ್ನು ಬೆರಳಿಂದ ಸವರಿದೆ, ಚುರುಕ್ಕೆಂದಿತು. ನನ್ನದನ್ನು ಸವರಿದೆ, ನುಣುಪು. ಕಲ್ಲಿನಲ್ಲಿ ಚೂಪು ಅಂಚು ಬಿಡಬಾರದು, ಚಕ್ಕೆ ಹಾರುತ್ತದೆ ಎನ್ನುವುದು ನಮ್ಮ ಕಸುಬಿನ ಮೊದಲ ಪಾಠ. ನಾನು ಹೇಳದೆಯೇ ನನ್ನ ಕೈ ಆ ಅಂಚನ್ನು ದುಂಡಗೆ ಉಜ್ಜಿಬಿಟ್ಟಿತ್ತು. ಅಂಚು ಗಾಳಿಯನ್ನು ಸೀಳದಿದ್ದರೆ ಕೂಗು ಎಲ್ಲಿಂದ ಬಂದೀತು!

ಅರ ಹಿಡಿದು, ಕಲಿತದ್ದಕ್ಕೆಲ್ಲ ವಿರುದ್ಧವಾಗಿ, ಅಂಚನ್ನು ಚೂರಿಯಷ್ಟು ತೆಳ್ಳಗೆ ತೀಡಿದೆ. ಒಂದು ಚಕ್ಕೆ ಹಾರಿದರೂ ಹೊಸ ಕಲ್ಲು ಹಿಡಿಯಬೇಕಿತ್ತು, ಅಷ್ಟರಲ್ಲಿ ಚಿಕ್ಕಮ್ಮನ ಕಿವಿ ಇರುತ್ತಿರಲಿಲ್ಲ. ಜೋರ್ಕಾ ಉಸಿರು ಬಿಗಿಹಿಡಿದು ನೋಡುತ್ತಿದ್ದಳು. ಚಕ್ಕೆ ಹಾರಲಿಲ್ಲ.

ಮಧ್ಯಾಹ್ನ ಜೋರ್ಕಾಳನ್ನೂ ಕರೆದುಕೊಂಡು ಹೋಗಿ, ಚಿಕ್ಕಮ್ಮನ ಅಂಗಳದ ಗೋಡೆಯಾಚೆ ನಿಂತು ಊದಿದೆ. ದಪ್ಪನೆಯ, ಬೆಚ್ಚನೆಯ ಕೂಗು. ಒಳಗೆ ಸೌಟಿನ ಸದ್ದು ನಿಂತಿತು.

"ಏನೇ ದಿನ್ಕಾ, ಹೊಟ್ಟೆಗೆ ಬೆಂಕಿ ಬಿದ್ದಿದ್ಯಾ? ಸೊಪ್ಪು ಇನ್ನೂ ಬೆಂದಿಲ್ಲ. ಕೈ ತೊಳ್ಕೊಂಡು ಬಾ, ಆ ಮಗೂನೂ ಕರ್ಕೊಂಡು ಬಾ!"

ಹೋದೆವು. ಸೊಪ್ಪು, ಆಲೂಗಡ್ಡೆ, ಹುರಿದ ಮೀನು. ಕೇಳದೆಯೇ ನನ್ನ ತಟ್ಟೆಗೆ ಇನ್ನಷ್ಟು ಆಲಿವ್ ಎಣ್ಣೆ ಸುರಿದಳು. ಕಲ್ಲುಹುಂಜವನ್ನು ಅವಳ ಮಡಿಲಲ್ಲಿಟ್ಟೆ. ಈ ಕೈ ಬೆಳೆದದ್ದೇ ಅವಳ ಅನ್ನದಿಂದ. ತಟ್ಟೆ ಖಾಲಿಯಾಗುವವರೆಗೂ ಉಂಡೆ.

ಕೊಟ್ಟ ಮಾತು ನಡೆಸಿದೆ.