ಸಾಲಿನ ಮೊದಲ ಹೆಸರು

ಈಶಪ್ಪ ಶಹಾಪುರದ ಆಫೀಸಿನಲ್ಲಿ ಕೂತು ಕಾಲುವೆ ನೀರಿನ ವೆಬ್‌ಪೇಜು ಮಾಡಿ ಮೂರೇ ದಿನ ಆಗಿತ್ತು. ಹೆಸರು ಹೊಡೆದರೆ ಅದು ತೂಬಿನ ಪಟ್ಟಿಯೊಳಗೆ ಹುಡುಕಿ ‘ಇದ್ದಾರೆ’ ಅನ್ನಬೇಕು, ಸಿಗದಿದ್ದರೆ ‘ಇಲ್ಲ’. ಗೇಟಿನವನು ಅದನ್ನು ಮೊಬೈಲಿನಲ್ಲಿ ನೋಡಿಯೇ ನೀರು ಬಿಡಬೇಕು. ಮಧ್ಯಾಹ್ನ ನಾಲ್ಕು ದಾಟಿದ ಮೇಲೆ ಶಿರವಾಳದ ದೇವಕಮ್ಮ ಸೆರಗಿನಿಂದ ಬೆವರೊರೆಸುತ್ತ ಬಂದು ಮೇಜಿನ ಮುಂದೆ ನಿಂತಳು.

“ಗೇಟು ನೋಡೋ ಬಾಷುಮಿಯಾ ನೀರು ಬಿಡವಲ್ಲರಿ. ‘ಮೊಬೈಲು ನಿನ್ನ ಹೆಸರಿಲ್ಲ ಅಂತೈತಿ, ನಾ ಹ್ಯಾಂಗ ಹೌದನ್ಲಿ’ ಅಂತಾನ.” ಬಾಷುಮಿಯಾನ ಮೂಗಿನ ದನಿಯನ್ನು ಹೂಬೇಹೂಬ ತೆಗೆದಳು. “ಐದಕ್ಕ ನನ್ನ ಪಾಳಿ ಮುಗೀತೈತಿ. ಮತ್ತ ಹದಿನೈದು ದಿನ. ಭತ್ತದ ಸಸಿ ಅಲ್ಲೀತನ ಉಳಿಯಂಗಿಲ್ಲ.”

ಈಶಪ್ಪ ಹೆಸರು ಹೊಡೆದ. ‘ಇಲ್ಲ.’ ಪಟ್ಟಿ ತೆಗೆದು ಕಣ್ಣಾರೆ ನೋಡಿದ: ದೇವಕಮ್ಮ, ಸಂಗಣ್ಣ, ದುರಗಮ್ಮ. ತೂಬಿಗೆ ಹತ್ತಿದ ಹೊಲ ಅವಳದು, ಸಾಲಿನ ತಲೆಗೆ ಅವಳದೇ ಹೆಸರು. ಸಂಗಣ್ಣನನ್ನು ಹುಡುಕಿದ. ‘ಇದ್ದಾರೆ.’ ದುರಗಮ್ಮನೂ ಇದ್ದಾಳೆ. ಹೆಸರು ಸಾಲಿನಲ್ಲಿ ಎಲ್ಲಿಂದ ಶುರು ಎಂದು ಯಂತ್ರ ಒಂದು ಸಂಖ್ಯೆ ಕೊಡುತ್ತದೆ, ಎಣಿಕೆ ಸೊನ್ನೆಯಿಂದ, ಅಂದರೆ ಸಾಲಿನ ತಲೆಯ ಹೆಸರಿಗೆ ಸೊನ್ನೆ. ಸೊನ್ನೆಗಿಂತ ಹೆಚ್ಚು ಬಂದರಷ್ಟೇ ‘ಇದ್ದಾರೆ’ ಅನ್ನು ಎಂದು ಬರೆದವನು ಈ ಈಶಪ್ಪನೇ.

ತಿದ್ದಲು ಒಂದು ಚಿಹ್ನೆ ಸಾಕು. ಆದರೆ ಪೇಜಿಗೆ ಏರಿಸುವ ಪಾಸ್‌ವರ್ಡು ಯಾದಗಿರಿಯ ಸಾಹೇಬರ ಹತ್ತಿರ. ಸಾಹೇಬರು ರೈಲಿನಲ್ಲಿ, ಫೋನು ಬಂದ್.

ಬಾಷುಮಿಯಾಗೆ ಫೋನು ಹಚ್ಚಿದ. “ಆಕಿ ಹೆಸರು ಐತಿ, ನಾ ಹೇಳತೀನಿ. ನೀರು ಬಿಡಪಾ.”

“ಸಾಹೇಬ್ರ, ಯಾರ ಮಾತೂ ಕೇಳಬ್ಯಾಡ, ಮೊಬೈಲ್ ಕೇಳು ಅಂದವ್ರು ನೀವರಿ. ನನ್ನ ನೌಕರಿ ಐತಿ.”

“ಹಂಗಾರ ಮೊದಲಿನ ಅಕ್ಷರ ಬಿಟ್ಟು ‘ವಕಮ್ಮ’ ಅಂತ ಹೊಡಿ, ಸೊನ್ನೆ ದಾಟತೈತಿ.”

ಸ್ವಲ್ಪ ಹೊತ್ತು ಟಕಟಕ ಸದ್ದು. “ವಕಮ್ಮ ಇದ್ದಾಳ್ರಿ. ಬರಲಿ, ಬಿಡತೀನಿ. ದೇವಕಮ್ಮಗ ಹ್ಯಾಂಗ ಬಿಡ್ಲಿ?”

ಈಶಪ್ಪ ಮೂರು ಸಲ ತಿಳಿಸಿ ಹೇಳಿದ. ಮೂರನೇ ಸಲಕ್ಕೆ ಲೈನು ಕಡಿಯಿತು. ಮತ್ತೆ ಹಚ್ಚಿದರೆ ಎತ್ತಲಿಲ್ಲ.

“ನಾನೇ ವಕಮ್ಮ ಅಂತ ಹೋಗಿ ನಿಂದ್ರಲೇನ್ರಿ?” ದೇವಕಮ್ಮ ಕೇಳಿದಳು.

“ಯವ್ವಾ, ಅವಗ ನಿಮ್ಮ ಗುರುತಿಲ್ಲೇನು?”

“ಮೂವತ್ತು ವರ್ಷದ ಗುರುತು. ಗುರುತಿದ್ದವನೇ ಇಲ್ಲ ಅಂದಾನ.”

ಈಶಪ್ಪ ತನ್ನ ಯಂತ್ರದೊಳಗಿನ ಪ್ರತಿಯನ್ನಾದರೂ ತಿದ್ದಿದ, ಹೆಸರು ಹೊಡೆದ. ‘ಇದ್ದಾರೆ.’ ಪರದೆಯನ್ನು ಅವಳ ಕಡೆ ತಿರುಗಿಸಿದ. ಗೋಡೆ ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಶಿರವಾಳದ ಬಸ್ಸು ಆಗಲೇ ಹೋಗಿತ್ತು.

ಓದು ಬಾರದಿದ್ದರೂ ಅವಳು ಆ ಅಕ್ಷರಗಳನ್ನು ಬಹಳ ಹೊತ್ತು ನೋಡಿದಳು.

“ಈಗ ಏನಂತೈತ್ರಿ?”

“ಇದ್ದಾರೆ ಅಂತೈತ್ರಿ.”

“ಆತು ಬಿಡ್ರಿ,” ಎಂದು ದೇವಕಮ್ಮ ಬೆಂಚಿನ ತುದಿಗೆ ಕೂತಳು. ಇಬ್ಬರೂ ಐದಾಗುವುದನ್ನು ನೋಡುತ್ತಿದ್ದರು.