ಕಾಯಿ ಕೂಡದ ಕಂಪ್ಯೂಟರ್

ಹೊಸ ಸೊಸೆ ಬಂದ ಮನೆಗೂ ಹೊಸ ಕಂಪ್ಯೂಟರ್ ಬಂದ ಮನೆಗೂ ಬುದ್ಧಿ ಹೇಳುವವರಿಗೆ ಬರವಿಲ್ಲ. ೧೯೮೮ರಲ್ಲಿ ತುಮಕೂರಿನ ಖುರ್ಷಿದಾ ಬೇಗಂ ತಮ್ಮ ಟೈಪಿಂಗ್ ಇನ್‌ಸ್ಟಿಟ್ಯೂಟಿಗೆ ಕಂಪ್ಯೂಟರ್ ತಂದಾಗ, ಅದರಲ್ಲಿ ಯಾವ ಯಾವ ಪ್ರೋಗ್ರಾಂ ಇರಬೇಕೆಂದು ಬೀದಿಯೆಲ್ಲ ಹೇಳಿತು. ಎದುರಿನ ಜವಳಿ ಅಂಗಡಿಯ ಆಂಜನಪ್ಪ ಜಾತಕ ಹಾಕುವ ಫ್ಲಾಪಿ ತರಿಸಿ ಎಂದರು. ಮೈದುನನಿಗೆ ಚೆಸ್ ಆಟ ಬೇಕಿತ್ತು. ಕಂಪ್ಯೂಟರ್ ಮಾರಿದ ನಯಾಜ್ ಅಹಮದ್ ಮಾತ್ರ ಮೂರೇ ಫ್ಲಾಪಿ ಮೇಜಿನ ಮೇಲಿಟ್ಟ.

"ಆಪಾ, ಇದು ಕಾಗದ ಬರೆಯೋಕೆ, ಇದು ಹೆಸ್ರು ವಿಳಾಸ ಇಟ್ಕೊಳೋಕೆ, ಇದು ಲೆಕ್ಕಕ್ಕೆ. ಸದ್ಯಕ್ಕೆ ಇಷ್ಟು ಸಾಕು. ಟೈಪಿಂಗ್ ಕಲಿಸೋದೂ ಒಂದಿದೆ, ಬೇಕಾ?"

"ನಂಗೇ ಟೈಪಿಂಗ್ ಕಲಿಸ್ತೀಯೇನ್ಲಾ?" ಎಂದರು ಖುರ್ಷಿದಾ.

ಮಾತಿನಲ್ಲಿ ಜಂಬವಿತ್ತು, ಸುಳ್ಳಿರಲಿಲ್ಲ. ಗುಬ್ಬಿ, ಕುಣಿಗಲ್ ಕಚೇರಿಗಳ ಎಷ್ಟೋ ಗುಮಾಸ್ತರು ಅವರ ಕೈಯಲ್ಲಿ ಪಳಗಿದವರು. ಆದರೆ ಈಚೆಗೆ ಟೈಪಿಂಗ್ ಕಲಿಯಲು ಬರುವವರು ಕಡಿಮೆಯಾಗಿದ್ದರು. ಗುಬ್ಬಿಯ ತೆಂಗು ಬೆಳೆಗಾರರ ಸಂಘದವರು ತಮ್ಮ ಲೆಕ್ಕವನ್ನು ಇನ್ನುಮುಂದೆ ಕಂಪ್ಯೂಟರಿನಲ್ಲಿ ಮಾಡಿಸುವವರಿದ್ದರು. ಆ ಕೆಲಸ ಸಿಕ್ಕಿದರೆ ಇನ್‌ಸ್ಟಿಟ್ಯೂಟ್ ಉಳಿಯುತ್ತಿತ್ತು, ಇಲ್ಲದಿದ್ದರೆ ಬಾಗಿಲಿಗೆ ಬೀಗ.

ಸಂಘದ ಕಾರ್ಯದರ್ಶಿ ವೆಂಕಟರಂಗಯ್ಯ ಚಪ್ಪಲಿ ಹೊರಗೆ ಬಿಟ್ಟು, ದೇವರ ಮನೆಗೆ ಬಂದವರಂತೆ ಕಂಪ್ಯೂಟರ್ ಕೋಣೆಯೊಳಗೆ ಬಂದರು. ವಿದ್ಯಾರ್ಥಿಗಳು ಗೋಡೆಗೊರಗಿ ನಿಂತರು. ಯಾವ ಹಳ್ಳಿಯಿಂದ ಎಷ್ಟು ಕಾಯಿ ಬಂತೆಂದು ವೆಂಕಟರಂಗಯ್ಯ ಓದಿದರು. ಖುರ್ಷಿದಾ ಪರದೆಯನ್ನೂ ನೋಡದೆ ಪಟಪಟನೆ ಹೊಡೆದರು. ಒಂದು ಹಳ್ಳಿಯದು ಒಂಬೈನೂರ ನಲವತ್ತು, ಮಿಕ್ಕ ಎಲ್ಲವೂ ಸಾವಿರದ ಮೇಲೆ. ಪಕ್ಕದಲ್ಲೇ ನಿಂತಿದ್ದ ನಯಾಜ್ ಹೇಳಿಕೊಟ್ಟಂತೆ ಕೊನೆಯಲ್ಲಿ ಒಟ್ಟು ಕೇಳಿದರು.

ಒಂಬೈನೂರ ನಲವತ್ತು ಎಂದಿತು ಕಂಪ್ಯೂಟರ್.

"ಇದೇನ್ ತಾಯಿ, ಒಂದೇ ಊರಲ್ಲಿ ಕಾಯಿ ಕಚ್ಚೈತೆ, ಮಿಕ್ಕಿದ್ ಕಡೆ ಎಲ್ಲಾ ಹೊಂಬಾಳೆ ಉದುರೋಯ್ತಾ?" ಎಂದರು ವೆಂಕಟರಂಗಯ್ಯ.

ವಿದ್ಯಾರ್ಥಿಗಳು ಕಿಸಕ್ಕೆಂದರು. ನಯಾಜ್ ಬೆವರುತ್ತಾ, "ಫ್ಲಾಪಿನೇ ಕೆಟ್ಟಿರ್ಬೇಕು ಆಪಾ, ಬದಲಾಯಿಸಿ ಕೊಡ್ತೀನಿ" ಎಂದ. ಹೂಂ ಎಂದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಆದರೆ ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಜಾತಿಯವರಲ್ಲ ಖುರ್ಷಿದಾ.

ಅವರು ಕನ್ನಡಕ ಸರಿಮಾಡಿಕೊಂಡು ಪರದೆ ನೋಡಿದರು. ಒಂಬೈನೂರ ನಲವತ್ತು ಬಲಕ್ಕೆ ಸರಿದು ನಿಂತಿತ್ತು. ಮಿಕ್ಕ ಸಂಖ್ಯೆಗಳೆಲ್ಲ ಊರಿನ ಹೆಸರುಗಳ ಹಾಗೆ ಎಡಕ್ಕೆ ಅಂಟಿಕೊಂಡಿದ್ದವು. ಎಡಕ್ಕಿದ್ದವೆಲ್ಲ ಒಂದರ ಅಂಕಿಯಿಂದ ಶುರುವಾದವು.

ಅವರ ಹಳೆಯ ಟೈಪ್‌ರೈಟರಿನಲ್ಲಿ ಒಂದಕ್ಕೆ ಬೇರೆ ಕೀಲಿಯೇ ಇರಲಿಲ್ಲ. ಇಂಗ್ಲಿಷಿನ ಚಿಕ್ಕ ಎಲ್ ಹೊಡೆದರೆ ಅದೇ ಒಂದು. ಕಾಗದದ ಮೇಲೆ ಯಾರಿಗೂ ವ್ಯತ್ಯಾಸ ಕಾಣುತ್ತಿರಲಿಲ್ಲ. ಕಂಪ್ಯೂಟರಿಗೆ ಮಾತ್ರ ಎಲ್ ಎಂದರೆ ಎಲ್ಲೇ, ಅಕ್ಷರ. ಅಕ್ಷರದಿಂದ ಶುರುವಾದದ್ದನ್ನು ಅದು ಕೂಡಿಸಲೇ ಇಲ್ಲ.

ಖುರ್ಷಿದಾಗೆ ವಿಪರೀತ ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ, ತಪ್ಪು ಕೈಗೆ ಸಿಕ್ಕಿತಲ್ಲ ಎಂಬ ಖುಷಿಯೂ ಬಂತು.

"ಫ್ಲಾಪಿ ಸರಿಯಾಗೇ ಇದೆ ನಯಾಜ್. ತಪ್ಪು ನನ್ ಬೆರಳಿಂದು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಒಂದರ ಕೀಲಿ ಮೇಲಿನ ಸಾಲಿನಲ್ಲಿತ್ತು. ಎರಡು ಸಲ ಅಲ್ಲಿಗೆ ಹೋಗಲು ನೋಡಿದರು. ಎರಡು ಸಲವೂ ಬಲಗೈಯ ಉಂಗುರದ ಬೆರಳು ತಾನಾಗಿಯೇ ಎಲ್ ಒತ್ತಿತು. ಹುಟ್ಟುಗುಣ ಸುಟ್ಟರೂ ಹೋಗದು. ಕೊನೆಗೆ ಕರವಸ್ತ್ರ ಹರಿದು ಆ ಬೆರಳನ್ನು ಪಕ್ಕದ ಬೆರಳಿಗೆ ಬಿಗಿದು ಕಟ್ಟಿದರು. ತಾವು ಕಲಿಸಿದವರ ಕಣ್ಣೆದುರಿಗೇ, ಮೊದಲ ದಿನದ ಮಕ್ಕಳಂತೆ ಒಂದೊಂದೇ ಕೀಲಿ ಹುಡುಕಿ ಒತ್ತಿದರು. ಈ ಸಲ ಯಾರೂ ನಗಲಿಲ್ಲ.

ಒಟ್ಟು ಬಂತು. ವೆಂಕಟರಂಗಯ್ಯ ಬಾಯಲ್ಲೇ ಗುಣುಗುಣಿಸಿ ಕೂಡಿ ನೋಡಿ ತಲೆಯಾಡಿಸಿದರು.

"ಮುಂದಕ್ಕೂ ತಪ್ಪಿದ್ರೆ ಏನ್ ತಾಯಿ ಮಾಡ್ತೀರಿ?"

"ಇನ್ನೂ ಬೆರಳುಗಳಿವೆಯಲ್ಲ ಸಾರ್, ಅವನ್ನೂ ಕಟ್ತೀನಿ. ಒಂದ್ ಬೆರಳಲ್ಲೇ ಹೊಡ್ದಾದ್ರೂ ಸರಿ ಲೆಕ್ಕ ಕೊಡ್ತೀನಿ."

ವೆಂಕಟರಂಗಯ್ಯ ಗಟ್ಟಿಯಾಗಿ ನಕ್ಕು ಚಪ್ಪಲಿ ಮೆಟ್ಟಿಕೊಂಡರು. "ನಾಳೆಯಿಂದ್ಲೇ ಲೆಕ್ಕ ಕಳಿಸ್ತೀನಿ. ಆ ಕಟ್ಟು ಮಾತ್ರ ಬಿಚ್‌ಬ್ಯಾಡಿ."