ಅವರವರ ಪಾಲಿನ ಮಾತು

೧೯೭೯ರಲ್ಲಿ ನಾನೊಂದು ತುಳು ನಾಟಕ ತಂಡ ಕಟ್ಟಲು ಹೊರಟೆ. ಮೂರು ವರ್ಷ ಕೂತು ಬರೆದ ನಾಟಕ ಕೈಯಲ್ಲಿತ್ತು, ಆಡುವವರಿರಲಿಲ್ಲ. ಹಿಂದೊಮ್ಮೆ ನನ್ನ ನಾಟಕವನ್ನು ಯಾರೋ ಕದ್ದು, ಹೆಸರು ಬದಲಿಸಿ ಆಡಿ ಚಪ್ಪಾಳೆ ಗಿಟ್ಟಿಸಿದ್ದರು. ಆ ಉರಿ ಇನ್ನೂ ಹೊಟ್ಟೆಯಲ್ಲಿತ್ತು. ಹಾಗಾಗಿ ಈ ಸಲ ಪೂರ್ತಿ ಪುಸ್ತಕವನ್ನು ಯಾರ ಕೈಗೂ ಕೊಡಲಿಲ್ಲ. ಅವರವರ ಮಾತನ್ನಷ್ಟೇ ಬೇರೆ ಬೇರೆ ಹಾಳೆಗಳಲ್ಲಿ ಬರೆದು ಹಂಚಿದೆ. ನಾನು ಮಹಾ ಬುದ್ಧಿವಂತ.

ಬಿಜೈಯಲ್ಲಿ ಹೋಟೆಲಿಟ್ಟಿದ್ದ ಸಂಕಪ್ಪ ಸಿಕ್ಕಿದ. ಹಂಚಿನ ಕಾರ್ಖಾನೆಯ ಮುದ್ದು ಸಿಕ್ಕಿದ. ಹೊಲಿಗೆ ಕಲಿಸುತ್ತಿದ್ದ ಕುಶಲಾ ಅಣ್ಣನ ಬೈಗುಳ ತಿಂದೂ ಬಂದಳು. ಸಂಕಪ್ಪನ ಮನೆಯವರ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ಮುದ್ದುವಿನ ಅಪ್ಪ, ಎರಡು ವರ್ಷದ ಹಿಂದೆ 'ಉಳುವವನೇ ಒಡೆಯ' ಕಾನೂನಿನಡಿ ಡಿಕ್ಲರೇಶನ್ ಹಾಕಿ ಅದನ್ನು ತನ್ನದಾಗಿಸಿಕೊಂಡಿದ್ದ. ಇಬ್ಬರೂ ಆ ವಿಷಯ ಎತ್ತುತ್ತಿರಲಿಲ್ಲ. ಅವರು ಒಂದೇ ಬೀಡಿ ಹಂಚಿಕೊಂಡದ್ದನ್ನು ಕಂಡು, ನನ್ನ ತಂಡ ಆಯಿತು ಎಂದು ಹಿಗ್ಗಿದೆ.

ಭಾನುವಾರ ಮಧ್ಯಾಹ್ನ, ಮಣ್ಣಗುಡ್ಡದ ಭಜನಾ ಮಂದಿರದ ಹಿಂದೆ ಎರಡನೇ ಅಂಕದ ತಾಲೀಮು. ಸಂಕಪ್ಪನ ಹಾಳೆಯಲ್ಲಿ 'ಕಪಾಳಕ್ಕೆ ಹೊಡೆಯುವುದು' ಎಂದಿತ್ತು. ಮುದ್ದುವಿನ ಹಾಳೆಯಲ್ಲಿ ಅವನ ಮಾತು ಮಾತ್ರ. ಏಟು ಬೀಳುವುದನ್ನು ಅವನಿಗೆ ಮೊದಲೇ ಹೇಳಬೇಕೆಂದು ನನಗೆ ಹೊಳೆಯಲೇ ಇಲ್ಲ.

ಸಂಕಪ್ಪ ಕೈ ಬೀಸಿ ಹೊಡೆದ. ಮುದ್ದುವಿನ ತುಟಿ ಒಡೆಯಿತು.

"ಗದ್ದೆ ಹೋದ ಸಿಟ್ಟಾ ಇದು?" ಎಂದ ಮುದ್ದು.

ಉತ್ತರಕ್ಕೆ ಕಾಯದೆ ಬೆಂಚಿನ ಹಲಗೆ ಕಿತ್ತು ಸಂಕಪ್ಪನ ದವಡೆಗೆ ಬಾರಿಸಿದ. ಎರಡು ಹಲ್ಲು ನೆಲಕ್ಕೆ ಬಿದ್ದವು. ಸಂಕಪ್ಪ ಅವನ ಕುತ್ತಿಗೆ ಹಿಸುಕಿ ತಲೆಯನ್ನು ಗೋಡೆಗೆ ಜಜ್ಜಿದ. ಬಿಡಿಸಲು ಹೋದ ನನ್ನ ಬೆರಳು ಹಲಗೆಯ ಏಟಿಗೆ ಮುರಿಯಿತು.

ಕುಶಲಾ ನಡುವೆ ನುಗ್ಗಿ ಸಂಕಪ್ಪನ ಹಾಳೆಯನ್ನು ಮುದ್ದುವಿನ ಕಣ್ಣೆದುರು ಹಿಡಿದಳು. "ಓದು ಮಾರಾಯ. ಹೊಡೆಯಲಿಕ್ಕೆ ಇದರಲ್ಲಿ ಬರೆದದ್ದು ಉಂಟು. ನಿನ್ನದರಲ್ಲಿ ಎಂತ ಉಂಟು?"

ಮುದ್ದು ಓದಿದ. ಆಮೇಲೆ ನನ್ನತ್ತ ತಿರುಗಿದ. "ಪುಸ್ತಕ ಕೊಡಿ ಮಾಸ್ಟ್ರೇ."

"ಕೊಡುವುದಿಲ್ಲ" ಎಂದೆ. ಎದುರಿಗೆ ಇಬ್ಬರು ರಕ್ತ ಉಗುಳುತ್ತ ನಿಂತಿರುವಾಗಲೂ ನನಗೆ ಕಳ್ಳತನದ್ದೇ ಭಯ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಮುದ್ದು ನನ್ನ ಹೊಟ್ಟೆಗೆ ಗುದ್ದಿದ. ಬಗ್ಗಿದ ನನ್ನ ಕಂಕುಳಲ್ಲಿದ್ದ ಪುಸ್ತಕವನ್ನು ಸಂಕಪ್ಪ ಎಳೆದುಕೊಂಡ.

ಮೂವರೂ ಗೋಡೆಗೊರಗಿ ಕೂತರು. ಕುಶಲಾ ಮೊದಲ ಪುಟದಿಂದ ಗಟ್ಟಿಯಾಗಿ ಓದತೊಡಗಿದಳು. ಒಂದು ಮಾತಿಗೆ ಸಂಕಪ್ಪ ಒಡೆದ ಬಾಯಲ್ಲೇ ನಕ್ಕ. ಮುದ್ದು ತನ್ನ ಹೆಗಲ ಮೇಲಿನ ಬೈರಾಸಿನಿಂದ ಅವನ ಗದ್ದದ ರಕ್ತ ಒರೆಸಿದ. ನನ್ನ ನಾಟಕ ಇಷ್ಟು ಚೆನ್ನಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಮುರಿದ ಬೆರಳು ಹಿಡಿದುಕೊಂಡು ನಾನೂ ಅವರ ಪಕ್ಕ ಕೂರಲು ಹೋದೆ.

"ನೀವು ಆಸ್ಪತ್ರೆಗೆ ಹೋಗಿ ಮಾಸ್ಟ್ರೇ," ಎಂದ ಮುದ್ದು, ಪುಟದಿಂದ ಕಣ್ಣೆತ್ತದೆ. "ಇದನ್ನು ನಾವು ಮಾಡ್ತೇವೆ. ಇನ್ನು ನೀವು ಬರುವುದು ಬೇಡ."